ಬಂಧನ, ಬರಹ ಮತ್ತು ಇಪ್ಪತ್ತನಾಲ್ಕು ಗಂಟೆ

ಪೊಲೀಸ್ ಠಾಣೆಯಿಂದ ಕರೆ ಬಂದರೆ ಸಾಮಾನ್ಯ ನಾಗರಿಕ ಮೊದಲು ಹುಡುಕುವುದು ಠಾಣೆಗೆ ಒಂದು ಮಾತು ಹೇಳಿಸಬಲ್ಲ ಪರಿಚಯಸ್ಥರನ್ನು. ಕಾನೂನಿನಲ್ಲಿ ತನಗೇನು ರಕ್ಷಣೆ ಇದೆ ಎಂಬ ಪ್ರಶ್ನೆ ಬಹಳ ತಡವಾಗಿ, ಎಷ್ಟೋ ಬಾರಿ ಜೈಲು ಸೇರಿದ ಮೇಲೆಯೇ ಏಳುತ್ತದೆ. ಆ ರಕ್ಷಣೆಗಳು ಹೊಸವೂ ಅಲ್ಲ, ಗುಟ್ಟಿನವೂ ಅಲ್ಲ. ಸಂವಿಧಾನದಲ್ಲಿ, ಅಪರಾಧ ಪ್ರಕ್ರಿಯೆಯ ಶಾಸನದಲ್ಲಿ, ಸುಪ್ರೀಂ ಕೋರ್ಟಿನ ತೀರ್ಪುಗಳಲ್ಲಿ ಚದುರಿಹೋಗಿರುವ ಅವುಗಳನ್ನು ಒಂದೆಡೆ ಸೇರಿಸಿ ನೋಡಿದರೆ, ಹೆಚ್ಚಿನವು ಎರಡೇ ಸಂಗತಿಗಳನ್ನು ಆಧರಿಸಿ ನಿಂತಿರುವುದು ಕಾಣುತ್ತದೆ: ಪೊಲೀಸರು ಒಬ್ಬ ವ್ಯಕ್ತಿಯ ಮೇಲೆ ಅಧಿಕಾರ ಚಲಾಯಿಸಿದಾಗಲೆಲ್ಲ ಅದು ಬರಹಕ್ಕೆ ಇಳಿಯಬೇಕು, ಮತ್ತು ಆ ಅಧಿಕಾರಕ್ಕೆ ಗಡುವು ಇರಬೇಕು. ಬಾಯಿಮಾತಿನಲ್ಲಿ ನಡೆದು ಯಾವ ದಾಖಲೆಯನ್ನೂ ಉಳಿಸದ ಅಧಿಕಾರವನ್ನು ಮುಂದೆ ಪ್ರಶ್ನಿಸುವುದು ಕಷ್ಟವಾದ್ದರಿಂದ, ನಾಗರಿಕನ ಹಕ್ಕು ಸೋಲುವುದು ಬಹುಮಟ್ಟಿಗೆ ಕಾಗದ ಹುಟ್ಟದ ಕಡೆಯಲ್ಲಿಯೇ.

2024ರ ಜುಲೈ 1ರಿಂದ ದೇಶದಲ್ಲಿ ಮೂರು ಹೊಸ ಶಾಸನಗಳು ಜಾರಿಯಲ್ಲಿವೆ. ಯಾವುದು ಅಪರಾಧ, ಅದಕ್ಕೆ ಶಿಕ್ಷೆ ಎಷ್ಟು ಎಂಬುದನ್ನು ಹೇಳುವ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ತನಿಖೆ, ಬಂಧನ, ಜಾಮೀನು, ವಿಚಾರಣೆಗಳ ಕ್ರಮವನ್ನು ನಿಗದಿಪಡಿಸುವ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಸಾಕ್ಷ್ಯದ ನಿಯಮಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ ಇದೆ. ಪೊಲೀಸರ ಎದುರಿನ ಹಕ್ಕುಗಳ ದೃಷ್ಟಿಯಿಂದ ಮುಖ್ಯವಾದುದು ಎರಡನೆಯದು. ಕಲಂಗಳ ಸಂಖ್ಯೆ ಬದಲಾಗಿದೆಯೇ ಹೊರತು ಬಂಧನಕ್ಕೆ ಸಂಬಂಧಿಸಿದ ಬಹುತೇಕ ನಿಯಮಗಳ ಸತ್ವ ಹಾಗೆಯೇ ಉಳಿದಿದೆ. ಹಿಂದಿನ ತೀರ್ಪುಗಳು ಹಳೆಯ ಸಂಖ್ಯೆಗಳನ್ನು ಉಲ್ಲೇಖಿಸಿದರೂ ಅವುಗಳ ಬಲ ಕುಂದಿಲ್ಲ.

ಈ ಎಲ್ಲದರ ಬೇರು ಸಂವಿಧಾನದ 22ನೆಯ ವಿಧಿಯಲ್ಲಿದೆ. ಬಂಧಿತನಿಗೆ ಬಂಧನದ ಕಾರಣವನ್ನು ಆದಷ್ಟು ಬೇಗ ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಕಾಣಲು ಬಿಡಬೇಕು, ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಅದು ಹೇಳುತ್ತದೆ. ಈ ವಿಧಿ ಸಂವಿಧಾನಕ್ಕೆ ಸೇರಿದ ಬಗೆಯಲ್ಲಿ ಸ್ವಾರಸ್ಯವಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾಯರು ಅಮೆರಿಕಕ್ಕೆ ಹೋಗಿದ್ದಾಗ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರೊಡನೆ ಚರ್ಚಿಸಿದ ಬಳಿಕ, ಜೀವ ಮತ್ತು ಸ್ವಾತಂತ್ರ್ಯವನ್ನು ಕುರಿತ ವಿಧಿಯಲ್ಲಿ ನ್ಯಾಯಾಲಯಗಳಿಗೆ ವಿಶಾಲ ಅಧಿಕಾರ ಕೊಡುವ ಅಮೆರಿಕನ್ ಪದಪುಂಜ ಬೇಡವೆಂಬ ಅಭಿಪ್ರಾಯ ಗಟ್ಟಿಯಾಯಿತು. ಅದರ ಬದಲಿಗೆ ಕಾನೂನು ಸ್ಥಾಪಿಸಿದ ಕ್ರಮದ ಪ್ರಕಾರ ಎಂಬ ಸಂಕುಚಿತವಾದ ಮಾತು ಬಂದಿತು. ಶಾಸಕಾಂಗ ಹಾಕಿಕೊಟ್ಟ ಕ್ರಮ ಎಷ್ಟೇ ಕ್ರೂರವಾಗಿದ್ದರೂ ನಡೆಯುತ್ತದೆಯೇ ಎಂಬ ಟೀಕೆ ಸಭೆಯಲ್ಲಿ ಎದ್ದಾಗ, ಆ ಕೊರತೆಯನ್ನು ತುಂಬಲೆಂದು ಅಂಬೇಡ್ಕರ್ ಅವರು 1949ರ ಸೆಪ್ಟೆಂಬರ್‌ನಲ್ಲಿ ಬಂಧಿತನ ಹಕ್ಕುಗಳ ವಿಧಿಯನ್ನು ಮುಂದಿಟ್ಟರು. ಅಂದರೆ 24 ಗಂಟೆಯ ನಿಯಮ ಪೊಲೀಸ್ ಇಲಾಖೆಯ ಸೌಜನ್ಯವಲ್ಲ. ಮುಂದೆ ಬರುವ ಶಾಸಕಾಂಗಗಳ ಮೇಲಿನ ಅನುಮಾನದಿಂದಲೇ ಹುಟ್ಟಿದ ಕಟ್ಟುಪಾಡು.

ಪ್ರಕರಣವೊಂದರ ಮೊದಲ ಕಾಗದ ಪ್ರಥಮ ವರ್ತಮಾನ ವರದಿ, ಅಂದರೆ ಎಫ್‌ಐಆರ್. ಅಪರಾಧಗಳಲ್ಲಿ ಸಂಜ್ಞೇಯ, ಅಸಂಜ್ಞೇಯ ಎಂಬ ಎರಡು ವರ್ಗಗಳಿವೆ: ಕೊಲೆ, ದರೋಡೆ, ಕಳ್ಳತನದಂತಹ ಸಂಜ್ಞೇಯ ಅಪರಾಧಗಳಲ್ಲಿ ಪೊಲೀಸರು ನ್ಯಾಯಾಲಯದ ಅಪ್ಪಣೆಗೆ ಕಾಯದೆ ತನಿಖೆ ನಡೆಸಬಹುದು, ವಾರಂಟ್ ಇಲ್ಲದೆ ಬಂಧಿಸಬಹುದು; ಅಸಂಜ್ಞೇಯ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆಗೇ ಅವಕಾಶವಿಲ್ಲ. ಕರ್ನಾಟಕದ ಠಾಣೆಗಳಲ್ಲಿ ಎನ್‌ಸಿ ಎಂದು ಹೇಳಿ ಹಿಂಬರಹ ಕೊಟ್ಟು ಕಳುಹಿಸುವುದು ಈ ಎರಡನೆಯ ವರ್ಗದ ದೂರುಗಳಿಗೆ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 2013ರ ನವೆಂಬರ್‌ನಲ್ಲಿ ತೀರ್ಮಾನಿಸಿತು. ಹೊಸ ಸಂಹಿತೆಯ 173ನೆಯ ಕಲಂ ಇದಕ್ಕೆ ಒಂದು ಸಡಿಲಿಕೆಯನ್ನು ಸೇರಿಸಿದೆ: ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧವಾದರೆ ಡಿವೈಎಸ್‌ಪಿಯ ಅನುಮತಿ ಪಡೆದು ಹದಿನಾಲ್ಕು ದಿನಗಳೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಫಿರ್ಯಾದಿಗೆ ಎಫ್‌ಐಆರ್ ಪ್ರತಿ ಉಚಿತ. ಠಾಣೆ ದೂರನ್ನು ನಿರಾಕರಿಸಿದರೆ ಅದನ್ನು ಬರೆದು ಅಂಚೆಯ ಮೂಲಕ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು, ಅಲ್ಲಿಯೂ ಫಲ ಸಿಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು.

ಆರೋಪಿಯ ಕಡೆಯಿಂದ ನೋಡಿದರೂ ಎಫ್‌ಐಆರ್ ಅಷ್ಟೇ ಮುಖ್ಯ. ತನ್ನ ಮೇಲೆ ಯಾವ ಕಲಂ ಹಾಕಲಾಗಿದೆ, ಅದು ಜಾಮೀನು ಸಿಗಬೇಕಾದ ಅಪರಾಧವೇ, ಶಿಕ್ಷೆ ಏಳು ವರ್ಷಕ್ಕಿಂತ ಕಡಿಮೆಯೇ ಎಂಬುದು ತಿಳಿಯದೆ ಮುಂದಿನ ಯಾವ ಹಕ್ಕನ್ನೂ ಕೇಳುವಂತಿಲ್ಲ. ಲೈಂಗಿಕ ಅಪರಾಧ, ಭಯೋತ್ಪಾದನೆಯಂತಹ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ಜಾಲತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿತು. ಆರೋಪಿ ತನ್ನ ಪ್ರತಿನಿಧಿಯ ಮೂಲಕವೂ ಪ್ರತಿಯನ್ನು ಕೇಳಬಹುದು.

ಆದರೆ ಠಾಣೆಗೆ ಹೋಗಿಬರುವ ಬಹಳಷ್ಟು ಜನರ ಅನುಭವದಲ್ಲಿ ಎಫ್‌ಐಆರ್ ಎಂಬುದೇ ಇರುವುದಿಲ್ಲ. ಬದುವಿನ ಜಗಳ, ಬಾಡಿಗೆಯ ತಕರಾರು, ಕೈಸಾಲದ ವಸೂಲಿಯಂತಹ ಸಿವಿಲ್ ವ್ಯಾಜ್ಯಗಳು ದೂರಿನ ರೂಪ ತಾಳಿ ಠಾಣೆಯ ಮೆಟ್ಟಿಲೇರುತ್ತವೆ; ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸಿ ಮುಚ್ಚಳಿಕೆ ಬರೆಸಿಕೊಳ್ಳುವುದು ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಪೊಲೀಸರ ಕರ್ತವ್ಯವೆಂದೇ ತಿಳಿದವರಿದ್ದಾರೆ. ಆಸ್ತಿಯ ಹಕ್ಕನ್ನಾಗಲಿ ಸಾಲದ ಮೊತ್ತವನ್ನಾಗಲಿ ನಿರ್ಣಯಿಸುವ ಅಧಿಕಾರ ಠಾಣಾಧಿಕಾರಿಗಿಲ್ಲ. ಶಾಂತಿ ಕಾಪಾಡಲು ಕಾನೂನುಬದ್ಧವಾಗಿ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಇರುವುದು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಅದೂ ನೋಟಿಸ್ ಕೊಟ್ಟು ಎದುರು ಪಕ್ಷದ ಮಾತನ್ನು ಕೇಳಿದ ಮೇಲೆ. ಬೆದರಿಕೆಗೆ ಒಳಗಾಗಿ ಠಾಣೆಯಲ್ಲಿ ಸಹಿ ಹಾಕಿದ ಕಾಗದವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿದ್ದರೂ ಓದದೆ ಸಹಿ ಹಾಕುವುದು, ಖಾಲಿ ಹಾಳೆಗೆ ಸಹಿ ಹಾಕುವುದು ಮುಂದಿನ ಹತ್ತು ತೊಡಕುಗಳಿಗೆ ದಾರಿ.

ಇದಕ್ಕಿಂತಲೂ ಮಬ್ಬಾದ ಪ್ರದೇಶ ಸುಮ್ಮನೆ ವಿಚಾರಣೆಗೆ ಕರೆದೊಯ್ಯುವುದು. ಅದನ್ನು ಬಂಧನ ಎನ್ನುವುದಿಲ್ಲ, ಹೋಗಬಹುದೇ ಎಂದರೆ ಬಿಡುವುದೂ ಇಲ್ಲ. ಒಂದು ರಾತ್ರಿ ಕಳೆದರೂ ದಾಖಲೆಯಲ್ಲಿ ಆ ವ್ಯಕ್ತಿ ಠಾಣೆಗೆ ಬಂದೇ ಇರುವುದಿಲ್ಲ. ಕಾನೂನಿನ ಲೆಕ್ಕದಲ್ಲಿ ಇಂತಹ ಮೂರನೆಯ ಸ್ಥಿತಿ ಇಲ್ಲ. ಸಾಕ್ಷಿಯಾಗಿ ಬೇಕಿದ್ದರೆ 179ನೆಯ ಕಲಮಿನ ಪ್ರಕಾರ ತನಿಖಾಧಿಕಾರಿ ಲಿಖಿತ ಆದೇಶ ಕೊಟ್ಟು ಕರೆಯಬೇಕು. ಮಹಿಳೆಯರು, 15 ವರ್ಷದೊಳಗಿನ ಮತ್ತು 60 ಮೀರಿದ ಪುರುಷರು, ಅಂಗವಿಕಲರು, ತೀವ್ರ ಅನಾರೋಗ್ಯದಲ್ಲಿರುವವರು ಇವರನ್ನು ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ, ಪೊಲೀಸರೇ ಅವರಿದ್ದಲ್ಲಿಗೆ ಹೋಗಬೇಕು. ಆರೋಪಿಯಾಗಿ ಬೇಕಿದ್ದು ಬಂಧಿಸುವ ಅಗತ್ಯ ಇಲ್ಲದಿದ್ದರೆ 35ನೆಯ ಕಲಮಿನ ಮೂರನೆಯ ಉಪಕಲಮಿನಡಿ ನೋಟಿಸ್ ಕೊಡಬೇಕು. ನೋಟಿಸ್ ಪಡೆದವನು ಅದರಂತೆ ಹಾಜರಾಗುತ್ತಿರುವವರೆಗೆ, ಬಂಧನ ಏಕೆ ಬೇಕಾಯಿತೆಂಬ ಕಾರಣವನ್ನು ಬರೆದಿಡದೆ ಬಂಧಿಸುವಂತಿಲ್ಲ. ಈ ನೋಟಿಸನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಾಲದೆಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ನೋಟಿಸ್ ಬಂದಾಗ ಹೋಗದಿರುವುದು ತಪ್ಪು ಲೆಕ್ಕಾಚಾರ, ಏಕೆಂದರೆ ಗೈರುಹಾಜರಿಯೇ ಬಂಧನಕ್ಕೆ ಕಾರಣವಾಗುತ್ತದೆ. ಪೊಲೀಸರ ನ್ಯಾಯಸಮ್ಮತ ಸೂಚನೆಯನ್ನು ಧಿಕ್ಕರಿಸಿದವರನ್ನು ತಡೆದಿಟ್ಟುಕೊಂಡು, ಸಣ್ಣ ಪ್ರಕರಣವಾದರೆ 24 ಗಂಟೆಯೊಳಗೆ ಬಿಟ್ಟುಬಿಡಬಹುದು ಎನ್ನುವ 172ನೆಯ ಹೊಸ ಕಲಂ ಮಾತ್ರ ಈ ಮಬ್ಬನ್ನು ಇನ್ನಷ್ಟು ದಟ್ಟವಾಗಿಸುವ ಭಯವಿದೆ. ಕಾಗದವಿಲ್ಲದ ಬಂಧನಕ್ಕೆ ಅದು ನೆಪವಾಗದಂತೆ ನ್ಯಾಯಾಲಯಗಳು ಕಾಯಬೇಕಾಗುತ್ತದೆ.

ಬಂಧನವೆಂದರೆ ಏನು ಎಂಬುದನ್ನೂ ಶಾಸನವೇ ಹೇಳುತ್ತದೆ. ಪೊಲೀಸ್ ಅಧಿಕಾರಿ ವ್ಯಕ್ತಿಯ ದೇಹವನ್ನು ಮುಟ್ಟಬೇಕು ಅಥವಾ ತಡೆದು ನಿಲ್ಲಿಸಬೇಕು, ಇಲ್ಲವೇ ಆ ವ್ಯಕ್ತಿ ಮಾತಿನಿಂದಲೋ ನಡೆಯಿಂದಲೋ ತಾನಾಗಿ ವಶಕ್ಕೆ ಒಪ್ಪಿಸಿಕೊಳ್ಳಬೇಕು ಎಂಬುದು 43ನೆಯ ಕಲಮಿನ ತಾತ್ಪರ್ಯ. ಸಿಬಿಐ, ಕಸ್ಟಮ್ಸ್, ಪೊಲೀಸ್ ಎಂದು ಹೇಳಿಕೊಂಡು ವಿಡಿಯೊ ಕರೆಯಲ್ಲಿ ಸಮವಸ್ತ್ರ ತೋರಿಸಿ, ಕ್ಯಾಮೆರಾ ಮುಂದಿನಿಂದ ಕದಲಬಾರದೆಂದು ಬೆದರಿಸಿ ಹಣ ವರ್ಗಾಯಿಸಿಕೊಳ್ಳುವ ಡಿಜಿಟಲ್ ಅರೆಸ್ಟ್ ಎಂಬ ವಂಚನೆಗೆ ಓದಿಬರೆದವರೂ ನಿವೃತ್ತ ಅಧಿಕಾರಿಗಳೂ ಬಲಿಯಾಗುತ್ತಿರುವುದು ಈ ಸರಳ ವಿಷಯ ತಿಳಿಯದೆ. ಭಾರತದ ಯಾವ ಕಾನೂನಿನಲ್ಲಿಯೂ ಫೋನಿನ ಮೂಲಕ ಬಂಧಿಸುವ ಕ್ರಮ ಇಲ್ಲ, ತನಿಖೆಗೆಂದು ಹಣವನ್ನು ಯಾವುದೋ ಖಾತೆಗೆ ಹಾಕಿಸಿಕೊಳ್ಳುವ ಕ್ರಮವೂ ಇಲ್ಲ. ಇಂತಹ ಕರೆ ಬಂದರೆ 1930 ಎಂಬ ಸೈಬರ್ ಸಹಾಯವಾಣಿಗೆ ತಿಳಿಸಬೇಕು.

ಬಂಧಿಸುವ ಅಧಿಕಾರ ಇರುವುದು ಬೇರೆ, ಬಂಧನಕ್ಕೆ ಸಮರ್ಥನೆ ಇರುವುದು ಬೇರೆ ಎಂಬ ವಿವೇಚನೆಯನ್ನು ಗಟ್ಟಿಗೊಳಿಸಿದ್ದು 1994ರ ಜೋಗಿಂದರ್ ಕುಮಾರ್ ತೀರ್ಪು. ದೇಶದ ಒಟ್ಟು ಬಂಧನಗಳಲ್ಲಿ ಸುಮಾರು ಶೇ. 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯವೆಂದು ರಾಷ್ಟ್ರೀಯ ಪೊಲೀಸ್ ಆಯೋಗ ತನ್ನ ಮೂರನೆಯ ವರದಿಯಲ್ಲಿ ಹೇಳಿದ್ದನ್ನು ನ್ಯಾಯಾಲಯ ಅಲ್ಲಿ ನೆನಪಿಸಿತು. ಇಪ್ಪತ್ತು ವರ್ಷಗಳ ನಂತರ, 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದು, ಸಾಕ್ಷ್ಯನಾಶ ತಡೆಯುವುದು, ಸಾಕ್ಷಿಗಳನ್ನು ಬೆದರಿಸದಂತೆ ನೋಡಿಕೊಳ್ಳುವುದು ಮುಂತಾದ ಶಾಸನೋಕ್ತ ಕಾರಣಗಳಲ್ಲಿ ಯಾವುದು ಅನ್ವಯಿಸುತ್ತದೆಂದು ಬರೆದು ತೋರಿಸಬೇಕು, ಮ್ಯಾಜಿಸ್ಟ್ರೇಟರೂ ಅದನ್ನು ಪರಿಶೀಲಿಸದೆ ಬಂಧನ ಮುಂದುವರಿಸಬಾರದು ಎಂದು ಸುಪ್ರೀಂ ಕೋರ್ಟ್ ಕಟ್ಟುನಿಟ್ಟಾಗಿ ಹೇಳಿತು. ಈ ಕ್ರಮ ಪಾಲಿಸದಿದ್ದರೆ ಆರೋಪಿಗೆ ಜಾಮೀನು ಪಡೆಯುವ ಹಕ್ಕು ಬರುತ್ತದೆಂದು 2022ರ ಸತೇಂದರ್ ಕುಮಾರ್ ಅಂತಿಲ್ ತೀರ್ಪು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಹೊಸ ಸಂಹಿತೆಯಲ್ಲಿ ಹಿರಿಯರಿಗಾಗಿ ಒಂದು ಸೇರ್ಪಡೆಯೂ ಇದೆ: ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ 60 ವರ್ಷ ಮೀರಿದವರನ್ನು ಅಥವಾ ಅಶಕ್ತರನ್ನು ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಪೂರ್ವಾನುಮತಿ ಬೇಕು.

ಬಂಧನ ಆದ ಕ್ಷಣದಿಂದ ಕಾಗದಗಳ ಸಾಲು ಆರಂಭವಾಗುತ್ತದೆ, ಅಥವಾ ಆಗಬೇಕು. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಉಲ್ಲೇಖಿಸಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಾಗಿ ಸ್ವೀಕರಿಸಿ, ಹತ್ತು ವರ್ಷಗಳ ಬಳಿಕ 1996ರ ಡಿಸೆಂಬರ್‌ನಲ್ಲಿ ಹನ್ನೊಂದು ಕಡ್ಡಾಯ ಸೂಚನೆಗಳನ್ನು ನೀಡಿತು. ಅವುಗಳಲ್ಲಿ ಹಲವು ಈಗ ಶಾಸನದಲ್ಲಿಯೇ ಸೇರಿಕೊಂಡಿವೆ. ಬಂಧಿಸುವ ಅಧಿಕಾರಿ ಹೆಸರು ಸ್ಪಷ್ಟವಾಗಿ ಕಾಣುವ ಗುರುತುಪಟ್ಟಿ ಧರಿಸಿರಬೇಕು. ಸ್ಥಳದಲ್ಲಿಯೇ ದಸ್ತಗಿರಿ ಮೆಮೊ ಬರೆದು, ಕುಟುಂಬದ ಒಬ್ಬರಿಂದ ಅಥವಾ ಆ ಪ್ರದೇಶದ ಗೌರವಸ್ಥರೊಬ್ಬರಿಂದ ಸಾಕ್ಷಿ ಸಹಿ ಹಾಕಿಸಿ, ಬಂಧಿತನ ಸಹಿಯನ್ನೂ ಪಡೆಯಬೇಕು. ಬಂಧಿತ ಹೆಸರಿಸಿದ ಬಂಧುವಿಗೋ ಸ್ನೇಹಿತನಿಗೋ ಬಂಧನದ ವಿಷಯವನ್ನು, ಇಟ್ಟಿರುವ ಸ್ಥಳವನ್ನು ತಿಳಿಸಬೇಕು. ಮೈಮೇಲಿನಿಂದ ತೆಗೆದುಕೊಂಡ ಹಣ, ಉಂಗುರ, ಫೋನುಗಳಿಗೆ ರಸೀದಿ ಕೊಡಬೇಕು. ಮೆಮೊದಲ್ಲಿ ನಮೂದಾಗುವ ಗಂಟೆಯನ್ನು ಸಹಿ ಹಾಕುವ ಮೊದಲು ನೋಡಿಕೊಳ್ಳುವುದು ಸಣ್ಣ ವಿಷಯದಂತೆ ಕಂಡರೂ ಮುಂದಿನ ಎಲ್ಲ ಲೆಕ್ಕ ಆರಂಭವಾಗುವುದು ಅಲ್ಲಿಂದಲೇ.

ಬಂಧನದ ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಕೇ, ಬರೆದು ಕೊಡಬೇಕೇ ಎಂಬ ಪ್ರಶ್ನೆ ಎಪ್ಪತ್ತು ವರ್ಷ ಅಸ್ಪಷ್ಟವಾಗಿಯೇ ಉಳಿದಿತ್ತು. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕರಣವೊಂದರಲ್ಲಿ 2023ರ ಅಕ್ಟೋಬರ್‌ನಲ್ಲಿಯೂ, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ ಪ್ರಕರಣವೊಂದರಲ್ಲಿ 2024ರ ಮೇ ತಿಂಗಳಲ್ಲಿಯೂ ಸುಪ್ರೀಂ ಕೋರ್ಟ್ ಲಿಖಿತವಾಗಿಯೇ ಕೊಡಬೇಕೆಂದಿತು. ಎಲ್ಲ ಬಂಧಿತರಿಗೂ ಹೊಂದುವ ಸಾಮಾನ್ಯ ಕಾರಣಗಳು ಬೇರೆ, ಈ ನಿರ್ದಿಷ್ಟ ವ್ಯಕ್ತಿಯನ್ನು ಬಂಧಿಸಲು ಇರುವ ಆಧಾರಗಳು ಬೇರೆ. ಕೊಡಬೇಕಾದುದು ಎರಡನೆಯದು ಎಂಬ ವಿವರಣೆಯೂ 2024ರ ತೀರ್ಪಿನಲ್ಲಿದೆ. 2025ರ ಫೆಬ್ರುವರಿಯ ವಿಹಾನ್ ಕುಮಾರ್ ಪ್ರಕರಣದಲ್ಲಿ, ಆಧಾರ ತಿಳಿಸದ ಬಂಧನವೇ ಅಸಿಂಧು ಎಂದು ಹೇಳಿದ ನ್ಯಾಯಾಲಯ, ಅದೇ ವರ್ಷದ ನವೆಂಬರ್‌ನಲ್ಲಿ ಈ ನಿಯಮವನ್ನು ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಆಧಾರಗಳನ್ನು ಬರೆದು ಕೊಡಬೇಕು, ತಕ್ಷಣ ಸಾಧ್ಯವಾಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮುಂಚೆಯಾದರೂ ಕೊಡಬೇಕು. ಅನ್ಯರಾಜ್ಯದ ಪೊಲೀಸರು ಬಂದು ಕನ್ನಡ ಮಾತ್ರ ಬಲ್ಲವನನ್ನು ಬಂಧಿಸಿದಾಗಲೂ, ಬೆಂಗಳೂರಿನ ಠಾಣೆಯಲ್ಲಿ ಒಡಿಯಾ ಅಥವಾ ಬಂಗಾಳಿ ಮಾತನಾಡುವ ಕಟ್ಟಡ ಕಾರ್ಮಿಕ ಸಿಕ್ಕಿಬಿದ್ದಾಗಲೂ ಈ ಭಾಷೆಯ ನಿಯಮಕ್ಕೆ ಒಂದೇ ತೂಕ.

ಇಪ್ಪತ್ತನಾಲ್ಕು ಗಂಟೆಯ ಎಣಿಕೆ ಯಾವಾಗಿನಿಂದ ಎಂಬುದರಲ್ಲಿಯೇ ಹೆಚ್ಚು ಚಾಲಾಕಿ ನಡೆಯುತ್ತದೆ. ಬೆಳಿಗ್ಗೆ ಕರೆತಂದು ಸಂಜೆ ದಸ್ತಗಿರಿ ತೋರಿಸಿದರೆ ನಡುವಿನ ಹೊತ್ತು ಲೆಕ್ಕದಿಂದ ಜಾರಿಹೋಗುತ್ತದೆ. ವ್ಯಕ್ತಿಯ ಓಡಾಟದ ಸ್ವಾತಂತ್ರ್ಯ ನಿಂತ ಕ್ಷಣವೇ ಬಂಧನದ ಕ್ಷಣ, ತನಿಖಾಧಿಕಾರಿ ಅದಕ್ಕೆ ಏನು ಹೆಸರಿಡುತ್ತಾನೆ ಎಂಬುದು ಮುಖ್ಯವಲ್ಲ ಎಂದು ಬಾಂಬೆ ಹೈಕೋರ್ಟ್ 1990ರಲ್ಲಿಯೇ ಹೇಳಿದೆ. ಈ ಸಮಯವನ್ನು ಸಾಬೀತುಪಡಿಸಲು ಮನೆಯವರು ಠಾಣೆಗೆ ಮಾಡಿದ ಕರೆ, ಹಿರಿಯ ಅಧಿಕಾರಿಗೆ ಕಳುಹಿಸಿದ ಇ-ಮೇಲ್, 112ಕ್ಕೆ ಹೋದ ದೂರು, ಠಾಣೆಯ ಸಿಸಿಟಿವಿ ದೃಶ್ಯಗಳು ನೆರವಾಗುತ್ತವೆ. ಲಾಕಪ್, ಮೊಗಸಾಲೆ, ಬಾಗಿಲುಗಳು ಸೇರಿ ಠಾಣೆಯ ಯಾವ ಭಾಗವೂ ಬಿಟ್ಟುಹೋಗದಂತೆ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು ಹದಿನೆಂಟು ತಿಂಗಳು ಕಾಯ್ದಿಡಬೇಕು ಎಂಬ 2020ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ಆದೇಶ ಇರುವುದರಿಂದ, ದೃಶ್ಯ ಅಳಿದುಹೋಗುವ ಮೊದಲೇ ಕಾಯ್ದಿಡುವಂತೆ ಅರ್ಜಿ ಹಾಕುವುದು ಜಾಣತನ.

ಮ್ಯಾಜಿಸ್ಟ್ರೇಟರ ಮುಂದಿನ ಮೊದಲ ಹಾಜರಾತಿ ಶಿಷ್ಟಾಚಾರವಲ್ಲ. ಹೊಡೆದರೇ, ಯಾವಾಗ ಕರೆತಂದರು, ಮನೆಗೆ ತಿಳಿಸಿದರೇ, ವಕೀಲರಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಲು ಬಂಧಿತನಿಗೆ ಸಿಗುವ, ಪೊಲೀಸರಿಂದ ಹೊರತಾದ ಮೊದಲ ಕಿವಿ ಅದು. ಬಂಧನವಾದ ಕೂಡಲೇ ಸರ್ಕಾರಿ ವೈದ್ಯರಿಂದ ತಪಾಸಣೆ ಮಾಡಿಸಿ ಗಾಯಗಳನ್ನು ದಾಖಲಿಸಬೇಕು, ಆ ವರದಿಯ ಪ್ರತಿಯನ್ನು ಬಂಧಿತನಿಗೂ ಕೊಡಬೇಕು ಎಂದು 53ನೆಯ ಕಲಂ ಹೇಳುತ್ತದೆ. ಹೊಡೆತ ಬಿದ್ದಿದ್ದರೆ ವೈದ್ಯರ ಎದುರಿನಲ್ಲಿಯೇ ಹೇಳಬೇಕು, ಏಕೆಂದರೆ ವಾರ ಕಳೆದ ಮೇಲೆ ಬಾವು ಇಳಿದಿರುತ್ತದೆ, ವರದಿ ಮಾತ್ರ ಉಳಿದಿರುತ್ತದೆ. ಮಹಿಳೆಯನ್ನು ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಾದರೆ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡುವಂತೆಯೇ ಇಲ್ಲ, ಅವರು ಹೋಗಬೇಕಾದುದು ಬಾಲನ್ಯಾಯ ಮಂಡಳಿಯ ಮುಂದೆ. ಕೈಕೋಳದ ಬಗ್ಗೆ 1980ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಹಾಕಿಕೊಟ್ಟ ದಾರಿ, ಅದು ನಿಯಮವಲ್ಲ, ಅಪವಾದ ಎಂಬುದು. ಕಾನೂನು ವಿದ್ಯಾರ್ಥಿಯೊಬ್ಬನಿಗೆ ಕಾರಣವಿಲ್ಲದೆ ಕೈಕೋಳ ತೊಡಿಸಿದ್ದಕ್ಕೆ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಹೊಸ ಸಂಹಿತೆ ಪದೇ ಪದೇ ಅಪರಾಧ ಎಸಗುವವರು, ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂತಹ ಘೋರ ಅಪರಾಧದ ಆರೋಪಿಗಳಿಗೆ ಕೈಕೋಳ ಹಾಕಲು ಅನುಮತಿ ಕೊಟ್ಟಿರುವುದು ಆ ದಾರಿಯಿಂದ ಒಂದಿಷ್ಟು ಹಿಂದಕ್ಕೆ ಸರಿದಂತೆಯೇ ಸರಿ. 24 ಗಂಟೆಯ ನಿಯಮಕ್ಕೂ ಸಂವಿಧಾನದಲ್ಲಿಯೇ ದೊಡ್ಡದೊಂದು ಬಿರುಕು ಇದೆ: ಅಪರಾಧ ನಡೆಯದಂತೆ ತಡೆಯಲೆಂದು ವಿಧಿಸುವ ಮುಂಜಾಗ್ರತಾ ಬಂಧನಕ್ಕೆ ಅದು ಅನ್ವಯಿಸುವುದಿಲ್ಲ, ಗೂಂಡಾ ಕಾಯ್ದೆ ಎಂದು ಜನರು ಕರೆಯುವ 1985ರ ಕರ್ನಾಟಕದ ಶಾಸನದಡಿ ಬಂಧಿತನಾದವನ ಪಾಡು ಬೇರೆಯೇ.

ವಿಚಾರಣೆಯ ಕೋಣೆಯಲ್ಲಿ ಬಾಯಿ ಬಿಡಲೇಬೇಕೇ ಎಂಬುದು ಎಲ್ಲರನ್ನೂ ಕಾಡುವ ಪ್ರಶ್ನೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20ನೆಯ ವಿಧಿಯ ಮೂರನೆಯ ಖಂಡ ಹೇಳುತ್ತದೆ. ಈ ರಕ್ಷಣೆ ನ್ಯಾಯಾಲಯದ ಕಟಕಟೆಯಲ್ಲಿ ಮಾತ್ರವಲ್ಲ, ಪೊಲೀಸರ ಪ್ರಶ್ನೆಗಳೆದುರಿಗೂ ಇದೆಯೆಂದು ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ 1978ರಲ್ಲಿ ತೀರ್ಮಾನವಾಯಿತು. ಹೆಸರು, ವಿಳಾಸ ಹೇಳಬೇಕು, ಕೇಳಿದ್ದಕ್ಕೆ ಸುಳ್ಳು ಹೇಳಬಾರದು. ಆದರೆ ಉತ್ತರವೇ ತನ್ನನ್ನು ಅಪರಾಧಕ್ಕೆ ಸಿಲುಕಿಸುವಂತಿದ್ದರೆ ಸುಮ್ಮನಿರಬಹುದು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕುವ ಅಗತ್ಯವಿಲ್ಲ, ಹಾಕಿಸುವಂತೆಯೂ ಇಲ್ಲ. ಪೊಲೀಸರೆದುರು ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆ ಮಾತಿನಿಂದ ಒಂದು ವಸ್ತು ಪತ್ತೆಯಾದರೆ ಅಷ್ಟು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದುವಾಗ ಓದುಗರೂ ಈ ನಿಯಮವನ್ನು ನೆನಪಿಡುವುದು ಒಳ್ಳೆಯದು.

2000ದ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಮಂಪರು ಪರೀಕ್ಷೆಗಳಿಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಆ ಪರೀಕ್ಷೆಗಳನ್ನೂ ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆಗಳನ್ನೂ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲವೆಂದು 2010ರ ಮೇ 5ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪಿನ ಹೆಸರಿನಲ್ಲಿಯೇ ಕರ್ನಾಟಕ ರಾಜ್ಯ ಪ್ರತಿವಾದಿ. ಬೆರಳಚ್ಚು, ಕೈಬರಹದ ಮಾದರಿ, ಧ್ವನಿಯ ಮಾದರಿಗಳು ಈ ರಕ್ಷಣೆಯಿಂದ ಹೊರಗೆ, ಅವು ಮನಸ್ಸಿನಲ್ಲಿರುವುದನ್ನು ಹೊರಗೆಡಹುವುದಿಲ್ಲ ಎಂಬ ಕಾರಣಕ್ಕೆ. ಮೊಬೈಲ್ ಫೋನಿನ ಪಾಸ್‌ವರ್ಡ್ ಇವೆರಡರಲ್ಲಿ ಯಾವ ಕಡೆಗೆ ಸೇರುತ್ತದೆ ಎಂಬ ಬಗ್ಗೆ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ. ಪಾಸ್‌ವರ್ಡ್ ಕೊಡುವುದು ಸ್ವಯಂ ಸಾಕ್ಷ್ಯವಲ್ಲ ಎಂದ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠದ 2021ರ ತೀರ್ಪು, ಫೋನನ್ನು ಜಾಲಾಡುವುದೆಂದರೆ ಮನೆಯನ್ನು ಶೋಧಿಸಿದಂತೆ, ಸಾಮಾನ್ಯವಾಗಿ ಅದಕ್ಕೆ ವಾರಂಟ್ ಬೇಕು ಎಂದೂ ಹೇಳಿತು. ಶೋಧ ಮತ್ತು ಜಪ್ತಿಯನ್ನು ಮಹಜರು ಬರೆಯುವುದರ ಜೊತೆಗೆ ಚಿತ್ರೀಕರಿಸಿ ಆ ದಾಖಲೆಯನ್ನು ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು 105ನೆಯ ಕಲಂ ಈಗ ವಿಧಿಸುತ್ತದೆ, ಇದು ಹೊಸ ಸಂಹಿತೆಯ ಒಳ್ಳೆಯ ಸೇರ್ಪಡೆಗಳಲ್ಲಿ ಒಂದು.

ವಿಚಾರಣೆಯ ಅವಧಿಯುದ್ದಕ್ಕೂ ವಕೀಲರು ಪಕ್ಕದಲ್ಲಿ ಕೂರುವ ಹಕ್ಕಿಲ್ಲ, ಆದರೆ ವಿಚಾರಣೆಯ ವೇಳೆ ಅವರನ್ನು ಕಾಣುವ ಹಕ್ಕಿದೆ. ಫೀಸು ಕೊಡಲಾಗದವನಿಗೆ ವಕೀಲರನ್ನು ಒದಗಿಸುವುದು ಸರ್ಕಾರದ ಹೊಣೆ. ಬಂಧನದಲ್ಲಿರುವ ಯಾರೇ ಆಗಲಿ, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಮ್ಮ ಆದಾಯದ ಲೆಕ್ಕ ಕೊಡದೆಯೇ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಈ ನೆರವು ಮೊಕದ್ದಮೆ ಆರಂಭವಾದಾಗ ಅಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಬಾರಿ ನಿಲ್ಲಿಸಿದಾಗಲೇ ಸಿಗಬೇಕೆಂದು ಭಾಗಲ್ಪುರದ ಕೈದಿಗಳ ಕಣ್ಣು ಕುರುಡಾಗಿಸಿದ ಪ್ರಕರಣದಲ್ಲಿ 1980ರಲ್ಲಿ ತೀರ್ಮಾನವಾಗಿದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ, 15100 ಅದರ ರಾಷ್ಟ್ರೀಯ ಸಹಾಯವಾಣಿ.

ತನಿಖೆ 24 ಗಂಟೆಯಲ್ಲಿ ಮುಗಿಯದಿದ್ದರೆ ಮ್ಯಾಜಿಸ್ಟ್ರೇಟರು ಆರೋಪಿಯನ್ನು ಪೊಲೀಸ್ ವಶಕ್ಕೋ ನ್ಯಾಯಾಂಗ ಬಂಧನಕ್ಕೋ, ಅಂದರೆ ಜೈಲಿಗೋ, ಒಪ್ಪಿಸಬಹುದು. ಪೊಲೀಸ್ ವಶಕ್ಕೆ ಒಟ್ಟು ಹದಿನೈದು ದಿನಗಳ ಮಿತಿ ಇದೆ. ಹಿಂದೆ ಬಂಧನದ ಮೊದಲ ಹದಿನೈದು ದಿನಗಳಿಗೆ ಸೀಮಿತವಾಗಿದ್ದ ಈ ಅವಧಿಯನ್ನು ಈಗ ಮೊದಲ ನಲವತ್ತು ಅಥವಾ ಅರವತ್ತು ದಿನಗಳಲ್ಲಿ ತುಂಡು ತುಂಡಾಗಿಯೂ ಬಳಸಿಕೊಳ್ಳಬಹುದು. ಜೈಲಿನಿಂದ ಮತ್ತೆ ಠಾಣೆಗೆ ಕರೆದೊಯ್ಯುವ ಭಯ ವಾರಗಟ್ಟಲೆ ತೂಗುತ್ತಿರುವುದರಿಂದ ಜಾಮೀನು ಅರ್ಜಿಗಳ ಮೇಲೂ ಅದರ ನೆರಳು ಬೀಳುತ್ತದೆ. ಇನ್ನೊಂದು ಗಡುವು ಆರೋಪಿಯ ಪರವಾಗಿದೆ: ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನಗಳೊಳಗೆ ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ ಜಾಮೀನು ಹಕ್ಕಾಗಿ ಬರುತ್ತದೆ. ಆದರೆ ಇದು ತಾನಾಗಿ ಕೈಗೆ ಬರುವುದಿಲ್ಲ. ಗಡುವು ಮೀರಿದ ಮೇಲೆ, ಪೊಲೀಸರು ದೋಷಾರೋಪ ಪಟ್ಟಿ ಹಾಕುವ ಮೊದಲು ಅರ್ಜಿ ಸಲ್ಲಿಸಿದವನಿಗೆ ಮಾತ್ರ ಅದು ದಕ್ಕುತ್ತದೆ. ಒಂದು ದಿನ ತಡವಾದರೆ ಹಕ್ಕು ಕರಗಿಹೋಗುತ್ತದೆ. ವಕೀಲರಿಲ್ಲದ ಬಡ ಆರೋಪಿ ಕಳೆದುಕೊಳ್ಳುವ ಹಕ್ಕುಗಳಲ್ಲಿ ಇದೇ ಮೊದಲನೆಯದು.

ಜಾಮೀನು ಕೊಡಬಹುದಾದ ಅಪರಾಧಗಳಲ್ಲಿ ಜಾಮೀನು ದಯೆಯಲ್ಲ, ಠಾಣೆಯಲ್ಲಿಯೇ ಕೊಟ್ಟು ಕಳುಹಿಸಬೇಕು. ಜನರ ಬಾಯಲ್ಲಿ ಸ್ಟೇಷನ್ ಬೇಲ್ ಎಂದಿರುವುದು ಇದೇ. ಉಳಿದ ಅಪರಾಧಗಳಲ್ಲಿ ಅದು ನ್ಯಾಯಾಲಯದ ವಿವೇಚನೆ. ಬಂಧನದ ಭಯವಿರುವವರು ಸೆಷನ್ಸ್ ನ್ಯಾಯಾಲಯ ಅಥವಾ ಹೈಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನು ಕೇಳಬಹುದು. ಆದೇಶ ಸಿಕ್ಕ ಮೇಲೂ ಬಿಡುಗಡೆ ನಿಲ್ಲುವುದು ಜಾಮೀನುದಾರರು ಸಿಗದೆ, ಪಹಣಿ ತಂದು ನಿಲ್ಲುವ ಊರಿನವರು ಇಲ್ಲದೆ. ಗಾರೆ ಕೆಲಸಗಾರನೊಬ್ಬನಿಗೆ ಹತ್ತು ಸಾವಿರ ರೂಪಾಯಿ ಭದ್ರತೆ ಕೇಳಿ, ಬೇರೆ ಜಿಲ್ಲೆಯಲ್ಲಿ ಆಸ್ತಿಯಿದ್ದ ಅವನ ಸೋದರನ ಜಾಮೀನನ್ನು ಮ್ಯಾಜಿಸ್ಟ್ರೇಟರು ತಿರಸ್ಕರಿಸಿದ್ದನ್ನು 1978ರ ಮೋತಿರಾಮ್ ಪ್ರಕರಣದಲ್ಲಿ ಕೃಷ್ಣ ಅಯ್ಯರ್ ಅವರು ಕಟುವಾಗಿ ಟೀಕಿಸಿದ್ದರು. ಜಾಮೀನು ಕೊಡಬಹುದಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ತರಲಾಗದವನನ್ನು ಬಡವನೆಂದೇ ಭಾವಿಸಿ, ಅವನ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು 478ನೆಯ ಕಲಂ ಹೇಳುತ್ತದೆ. ಹಿಂದೆ ಯಾವ ಅಪರಾಧದಲ್ಲಿಯೂ ದೋಷಿಯೆಂದು ತೀರ್ಮಾನವಾಗಿರದ ವಿಚಾರಣಾಧೀನ ಕೈದಿ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು, ಇತರರು ಅರ್ಧವನ್ನು ಜೈಲಿನಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹರು ಎನ್ನುವ 479ನೆಯ ಕಲಂ ಹಳೆಯ ಪ್ರಕರಣಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ತಿಳಿಸಿದೆ. ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಯ ಆರೋಪಗಳಿಗೆ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿಯಿರುವವರಿಗೆ ಇದರ ಪ್ರಯೋಜನವಿಲ್ಲ. ಈ ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಬರೆಯಬೇಕಾದವರು ಕೈದಿಯಲ್ಲ, ಜೈಲಿನ ಅಧೀಕ್ಷಕರು.